ಹಳದಿ ಬಲ್ಬಿನ ನಕ್ಷತ್ರ

"ಇಟ್ಟಿಗೆ ಇಟ್ಟೆ ತಾನೆ?" ಅಂದ ಅಣ್ಣ.

ನಾಲ್ಕು ವರ್ಷದ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. ಉತ್ತರ ನಾನು ಕೊಡಬೇಕಾಗಲಿಲ್ಲ, ಬಾಗಿಲೇ ಕೊಟ್ಟಿತು. ಟಪ್ಪನೆ ಮುಚ್ಚಿಕೊಂಡಿತು. ಹೊರಗೆ ಗಂಟೆ ಅಜ್ಜಿಯ ಚಪ್ಪಲಿ ಸದ್ದು ಸರಸರ ದೂರವಾಯಿತು. ಚರ್ಚಿನ ಗಂಟೆ ಹೊಡೆದು ಹೊಡೆದೇ ಕಿವಿ ಕಳೆದುಕೊಂಡ ಮುದುಕಿ. "ತೆರೆದ ಬಾಗಿಲು, ತೆರೆದ ಬಾಯಿ, ಎರಡೂ ನನಗಾಗಲ್ಲಪ್ಪ" ಅನ್ನುತ್ತಾ ಕಂಡ ಕಂಡ ಬಾಗಿಲನ್ನೆಲ್ಲ ಎಳೆದು ಮುಚ್ಚುವುದು ಆಕೆಯ ಅಭ್ಯಾಸ.

ಚರ್ಚಿನ ಸಾಮಾನು ಕೋಣೆಯ ಬಾಗಿಲಿಗೆ ಒಳಗಡೆ ಹಿಡಿಕೆಯಿಲ್ಲ. ಎಂದೋ ಕಿತ್ತು ಹೋಗಿದೆ. ಆದ್ದರಿಂದ ಅಲ್ಲೊಂದು ಕಟ್ಟಳೆ: ಕೊನೆಗೆ ಒಳಗೆ ಬಂದವರು ಹೊಸಿಲ ಮೇಲೆ ಇಟ್ಟಿಗೆ ಇಡಬೇಕು. ಕೊನೆಗೆ ಬಂದವನು ನಾನು. ಒಳಗೆ ಅಣ್ಣನ ಬೆನ್ನು ಕಂಡದ್ದೇ ತಡ, ಹೊಸಿಲ ಒಳಗಡೆ ಕಾಲ ಬುಡದಲ್ಲಿದ್ದ ಇಟ್ಟಿಗೆ ಮರೆತೇ ಹೋಗಿತ್ತು.

ಅಣ್ಣ ಬಡಗಿ, ನಾನು ಕರೆಂಟಿನವನು. ಚರ್ಚಿನ ನೆತ್ತಿಗೆ ಏರುವ ಕ್ರಿಸ್ಮಸ್ ನಕ್ಷತ್ರದ ಮರದ ಚೌಕಟ್ಟು ಅವನದು, ಬೆಳಕು ನನ್ನದು. ಮಾತು ಬಿಟ್ಟ ಮೇಲೂ ಕೆಲಸ ಬಿಟ್ಟಿರಲಿಲ್ಲ. ಅವನು ಶುಕ್ರವಾರ ಬಂದು ಹೋಗುವನು, ನಾನು ಶನಿವಾರ. ಈ ಸಲ ನಕ್ಷತ್ರದ ಒಂದು ಮೂಲೆಯ ಕೂಡಿಕೆ ಬಿಟ್ಟುಕೊಂಡಿತ್ತು. ಅಂಟು ಒಣಗಿದೆಯೇ ಎಂದು ನೋಡಲು ಅವನು ಶನಿವಾರವೂ ಬಂದಿದ್ದ.

"ನಿನ್ನ ಫೋನು?" ಅವನು ಕೇಳಿದ.

"ಹೊರಗೆ, ಟೂಲ್ ಚೀಲದಲ್ಲಿ. ನಿಂದು?"

"ನಾನು ಯಾವತ್ತು ಇಟ್ಕೊಂಡಿದೀನಿ?"

ಇಬ್ಬರೂ ಸೇರಿ ಬಾಗಿಲು ಗುದ್ದಿದೆವು. ಗೋಡೆ ಮೊಳಕ್ಕಿಂತ ದಪ್ಪ. ಗವಾಕ್ಷಿ ಎನ್ನುವುದು ಒಂದು ಗೇಣು, ಅದರಲ್ಲೂ ಅರ್ಧಕ್ಕೆ ಪಾರಿವಾಳದ ಗೂಡು. ಅಜ್ಜಿ ಮತ್ತೆ ಬರುವುದು ಐದಕ್ಕೆ, ಸಂಜೆ ಗಂಟೆಗೆ. ಈಗಿನ್ನೂ ಮೂರು. ಕ್ರಿಸ್ಮಸ್ ಗೋದಲಿಯ ಕೈ ಮುರಿದ ಮಣ್ಣಿನ ಕುರುಬ, ಅವನ ಏಳು ಕುರಿ, ಹಗ್ಗದ ಸುರುಳಿ, ಮಧ್ಯೆ ಆಳೆತ್ತರದ ನಕ್ಷತ್ರ. ಉಳಿದ ಜಾಗದಲ್ಲಿ ನಾವಿಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕಾಯಿತು. ಅವನು ಉಸಿರು ಬಿಟ್ಟರೆ ನನ್ನ ಕೆನ್ನೆಗೆ ತಾಗುತ್ತಿತ್ತು.

ಗೋಡೆಯಲ್ಲಿ ಹೊಸ ಹಸಿರೆಲೆಯ ಚಕ್ರ ನೇತಾಡುತ್ತಿತ್ತು, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಕ್ಕೆ ಒಂದೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿಯದು. ಹೋದ ಭಾನುವಾರ ಹೊಸ ಪಾದ್ರಿಗಳು ಅದನ್ನೇ ಎತ್ತಿ ತೋರಿಸಿದ್ದರು. "ಇದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ, ದೇವರ ಪ್ರೀತಿಯ ಹಾಗೆ. ನಕ್ಷತ್ರವೂ ಬರೀ ಅಲಂಕಾರವಲ್ಲ. ಮಗು ಯಾವ ಮನೆಯಲ್ಲಿದೆ ಅಂತ ದಾರಿ ತೋರಿಸಿದ ದೀಪ ಅದು." ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. "ಬರುವ ಭಾನುವಾರ ಎರಡನೆಯ ಬತ್ತಿ, ಶಾಂತಿಯದು. ನಕ್ಷತ್ರ ಮಾಡುವ ಅಣ್ಣತಮ್ಮಂದಿರೇ ಕೈ ಜೋಡಿಸಿ ಹಚ್ಚಲಿ" ಅಂದುಬಿಟ್ಟರು. ಪಾಪ, ಊರಿಗೆ ಹೊಸಬರು. ಜನ ಕೆಮ್ಮಿದ್ದನ್ನು ನೆಗಡಿ ಅಂದುಕೊಂಡರು.

ಅಂದಿನಿಂದ ನನಗೆ ನಿದ್ದೆ ಇಲ್ಲ. ಅಣ್ಣನ ಪಕ್ಕ ನಿಂತು, ಹೊಟ್ಟೆಯೊಳಗೆ ನಾಲ್ಕು ವರ್ಷದ ಹಿಂದಿನ ಒಂದು ಸುಳ್ಳು ಇಟ್ಟುಕೊಂಡು, ಆ ಬತ್ತಿಗೆ ಬೆಂಕಿ ತಾಗಿಸುವುದು ಹೇಗೆ?

"ನಾಳೆ ನಾನು ಬರಲ್ಲ. ನೀನೊಬ್ಬನೇ ಹಚ್ಚು" ಅಂದ ಅಣ್ಣ.

"ಇಬ್ಬರು ಹಚ್ಚಬೇಕಂತಲ್ಲ."

"ಕುರುಬನ್ನ ಕರ್ಕೋ. ಒಂದು ಕೈ ಇದೆಯಲ್ಲ ಇನ್ನೂ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅರೆಗತ್ತಲು ಬೇರೆ. ಕೋಣೆಯ ದೀಪ ಸುಟ್ಟು ಎರಡು ತಿಂಗಳು. ಕರೆಂಟಿನವನ ಕಣ್ಣೆದುರಿನ ದೀಪ ಅಲ್ಲವೇ, ಹಾಗೇ ಉಳಿಯುತ್ತದೆ. ಏನಾದರೊಂದು ಮಾಡಬೇಕಲ್ಲ ಎಂದು ನಕ್ಷತ್ರದ ವೈರನ್ನೇ ಗೋಡೆಗೆ ಚುಚ್ಚಿ ಸ್ವಿಚ್ ಒತ್ತಿದೆ.

ಐದು ಮೂಲೆ, ಐದು ಬಲ್ಬು. ನಾಲ್ಕು ಬೆಳ್ಳಗೆ, ಒಂದು ಹಳದಿ.

ಅಣ್ಣ ಆ ಹಳದಿಯನ್ನೇ ನೋಡುತ್ತಾ ಕುಳಿತ. ಆ ಬೆಳಕಿನಲ್ಲಿ ಅವನ ಮುಖದಲ್ಲಿ ಅಪ್ಪನ ಮೂಗು ಕಂಡಿತು. ಎದ್ದು ಹೋಗೋಣವೆಂದರೆ ಬಾಗಿಲಿಲ್ಲ, ಮುಖ ತಿರುಗಿಸೋಣವೆಂದರೆ ಜಾಗವಿಲ್ಲ.

"ಅಣ್ಣಾ, ಅದು ಮನೆ ಮೆಟ್ಟಿಲಿನ ಬಲ್ಬು."

ಅವನು ಬಲ್ಬಿನಿಂದ ಕಣ್ಣು ಕೀಳಲಿಲ್ಲ.

"ಆ ವರ್ಷ ಒಂದು ಬಲ್ಬು ಕಮ್ಮಿ ಬಿತ್ತು. ಅಂಗಡಿ ಮುಚ್ಚಿತ್ತು. ಒಂದು ರಾತ್ರಿ ತಾನೆ ಅಂತ ಮೆಟ್ಟಿಲಿಂದ ಬಿಚ್ಕೊಂಡು ಬಂದೆ. ಅಪ್ಪ ಕತ್ತಲಲ್ಲಿ ಕಾಲು ತಪ್ಪಿದ್ರು. ರೇಲಿಂಗ್ ಹಿಡಿಯೋಕೆ ಹೋಗಿದ್ದು, ಅದು ಅಲುಗಾಡಿದ್ದು ಆಮೇಲೆ. ನಾನು ಎಲ್ಲರ ಮುಂದೆ ರೇಲಿಂಗ್ ಮಾತು ಮಾತ್ರ ಎತ್ತಿದೆ. ಬಡಗಿ ಮನೇಲೇ ರೇಲಿಂಗ್ ಸಡಿಲ ಅಂತ. ಬೇಕಂತಲೇ."

ಅಪ್ಪ ಸೊಂಟ ಮುರಿದುಕೊಂಡು ಮೂರು ತಿಂಗಳು ಮಲಗಿದ್ದು ತೀರಿಹೋದವರು. ಬಂಧುಬಳಗವೆಲ್ಲ ಅಣ್ಣನನ್ನೇ ಅಂದಿತು. ಅವನು ಬಾಯಿ ಬಿಡಲಿಲ್ಲ, ನನ್ನ ಜೊತೆ ಮಾತು ಬಿಟ್ಟ, ಅಷ್ಟೇ.

"ಗೊತ್ತು" ಅಂದ.

"ಏನು ಗೊತ್ತು?"

"ಬೆಳ್ಳಗಿನ ನಾಲ್ಕರ ಮಧ್ಯೆ ಹಳದಿ ಹಾಕಿ ಚರ್ಚಿನ ತಲೆ ಮೇಲೆ ಏರಿಸಿದೀಯ. ಊರಿಗೆಲ್ಲ ಕಾಣೋ ಹಾಗೆ. ನನ್ನ ಮನೆ ಬಲ್ಬು ನನಗೆ ಗೊತ್ತಾಗಲ್ವೇನೋ? ಆಮೇಲೂ ಬದಲಾಯಿಸಲಿಲ್ಲವಲ್ಲ, ದಡ್ಡ."

"ಬಿಚ್ಚೋಕೆ ಕೈ ಬರಲಿಲ್ಲ. ಹಾಳಾದ್ದು ಸುಟ್ಟೂ ಹೋಗ್ಲಿಲ್ಲ."

"ಅಪ್ಪನ ಶವಪೆಟ್ಟಿಗೆ ಮಾಡಿದವನು ನಾನು ಕಣೋ. ಒಂದೊಂದು ಮೊಳೆ ಹೊಡೆಯುವಾಗಲೂ ನಿನ್ನ ಮಾತೇ ಕೇಳಿಸ್ತಿತ್ತು. ರೇಲಿಂಗ್ ಸಡಿಲ, ರೇಲಿಂಗ್ ಸಡಿಲ." ಮುಷ್ಟಿಯಿಂದ ತನ್ನ ಮೊಣಕಾಲಿಗೇ ಎರಡು ಸಲ ಗುದ್ದಿಕೊಂಡ. "ಸಡಿಲ ಇತ್ತು. ಅದೂ ನಿಜ. ನಾಳೆ ಮಾಡಿದ್ರಾಯ್ತು ಅಂತ ಆರು ತಿಂಗಳು ಬಿಟ್ಟಿದ್ದೆ. ಆದ್ರೆ ಅದನ್ನ ನೀನು ಹೇಳಬಾರದಿತ್ತು."

"ತಪ್ಪಾಯ್ತು ಅಣ್ಣಾ."

"ಆಗೇ ಆಗಿದೆ. ಒಂದು ಸಲ ಹೇಳಿದ್ದಕ್ಕೆ ಕರಗಿ ಹೋಗಲ್ಲ ಅದು." ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಆಮೇಲೆ ಕೈ ಚಾಚಿದ. "ಆ ಇಟ್ಟಿಗೆ ಕೊಡು."

ನನ್ನ ತಲೆಗೇ ಹೊಡೀತಾನೇನೋ ಅನ್ನಿಸಿತು. ಆದರೂ ಕೊಟ್ಟೆ. ಅವನು ಪ್ಯಾಂಟಿನ ಹಿಂದಿನ ಕಿಸೆಯಿಂದ ಗಿಡ್ಡ ಸ್ಕ್ರೂಡ್ರೈವರ್ ತೆಗೆದು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತ. ಆಗ ನೋಡಿದೆ: ಬಾಗಿಲ ಕೀಲುಗಳು ಒಳಗಡೆಯೇ ಇದ್ದವು.

"ಇದು ಆಗಿಂದ ನಿನ್ನ ಹತ್ರಾನೇ ಇತ್ತಾ?"

"ಬಡಗಿ ಕಿಸೇಲಿ ಇನ್ನೇನು, ಲಿಪ್‌ಸ್ಟಿಕ್ ಇರುತ್ತಾ?"

"ಮತ್ತೆ ಯಾಕೆ ಸುಮ್ನೆ ಕೂತಿದ್ದೆ?"

"ನೀನೂ ಸುಮ್ನೆ ಕೂತಿದ್ದೆಯಲ್ಲ" ಅಂದ. ಕೆಳಗಿನ ಕೀಲಿನ ಕಡ್ಡಿಗೆ ಸ್ಕ್ರೂಡ್ರೈವರ್ ಕೊಟ್ಟು, ಇಟ್ಟಿಗೆಯಿಂದ ಟಕ್ ಎಂದು ಹೊಡೆದ. ಕಡ್ಡಿ ಅರ್ಧ ಎದ್ದಿತು. "ಬಾ ಈ ಕಡೆ, ಬಾಗಿಲು ಹಿಡ್ಕೋ. ಈ ಸಲ ಮರೀಬೇಡ."

ಎರಡೂ ಅಂಗೈ ಒತ್ತಿ ನಿಂತೆ. ಕೆಳಗಿನದು ಪೂರ್ತಿ ಹೊರಬಂತು, ಮೇಲಿನ ಕಡ್ಡಿ ಹಾರಿ ಕುರಿಗಳ ನಡುವೆ ಎಲ್ಲೋ ಬಿತ್ತು, ಬಾಗಿಲಿನ ಭಾರವೆಲ್ಲ ನನ್ನ ಕೈಗೆ ಬಂತು.