ಹೋರಿ ಹತ್ತುವಾಗ ಚೀಲ ಯಾರ ಕೈಗೆ

ನಮ್ಮ ಸಿಂಧನೂರಿಗೆ ರೋಲರ್ ಕೋಸ್ಟರ್ ಬರುತ್ತದೆ ಎಂದಾಗ ನಾನು ನಂಬಿರಲಿಲ್ಲ. ಮಸ್ಕಿ ರಸ್ತೆಯಲ್ಲಿ ವಿರೂಪಾಕ್ಷಪ್ಪನವರ ಪಾರ್ಕು ಇತ್ತು, ನಿಜ. ಒಂದು ಈಜುಕೊಳ, ಒಂದು ಜಾರುಬಂಡೆ, ಬಣ್ಣ ಹೋದ ಸಿಮೆಂಟಿನ ಜಿರಾಫೆ, ಅಷ್ಟೇ. ಆದರೆ ಭತ್ತ ತೆನೆ ಬಿಡುವ ಹೊತ್ತಿಗೆ ಗದ್ದೆಗಳ ಆಚೆ ಕೆಂಪು ಕಬ್ಬಿಣದ ಕಂಬಗಳು ಎದ್ದವು. ಕೊಯ್ಲು ಮುಗಿಯುವ ಹೊತ್ತಿಗೆ ಅವುಗಳ ಮೇಲೆ ಹಳಿ ಏರಿ, ಇಳಿದು, ಹೊರಳಿ ನಿಂತಿತ್ತು. ಮುಂದಿನ ಡಬ್ಬಿಗೆ ಹೋರಿಯ ಮುಖ ಮಾಡಿಸಿ ಕೋಡಿಗೆ ಗೊಂಡೆ ಕಟ್ಟಿದ್ದರು. ಪಾರ್ಕಿನವರು ಇಟ್ಟ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ಹೊರಳಲಿಲ್ಲ. ಊರಿಗೆಲ್ಲ ಅದು ಹೋರಿಯೇ ಆಯಿತು.

ನನ್ನ ಗಂಡ ಕರಿಬಸಪ್ಪನವರಿಗಂತೂ ಅದರ ಹುಚ್ಚು ಹಿಡಿಯಿತು. ಅಕ್ಕಿ ಅಂಗಡಿ ಮುಚ್ಚಿ ನೆಟ್ಟಗೆ ಮನೆಗೆ ಬರುತ್ತಿದ್ದವರು ಈಗ ಮಸ್ಕಿ ರಸ್ತೆಗೆ ಬೈಕು ತಿರುಗಿಸಿಕೊಂಡು ಹೋಗಿ, ಒಂದು ಬೋಲ್ಟು ಬಿಗಿದದ್ದನ್ನು ನೋಡಿ ಬಂದು, ಊಟದ ತಟ್ಟೆಯ ಮುಂದೆ ಅದರ ವರದಿ ಒಪ್ಪಿಸುತ್ತಿದ್ದರು. ನಮ್ಮ ಮಗಳು ಶಿವರಂಜನಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ನನ್ನ ಸಾರಿಗೆ ಉಪ್ಪು ಹೆಚ್ಚಾದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆ ಮಟ್ಟಿಗೆ ಹೋರಿ ನನಗೆ ಉಪಕಾರವನ್ನೇ ಮಾಡಿತು.

ಜನರನ್ನು ಕೂರಿಸುವ ಮೊದಲು ಸೀಟುಗಳಲ್ಲಿ ಭಾರ ಇಟ್ಟು ಓಡಿಸಿ ನೋಡಬೇಕಂತೆ. ಸಿಂಧನೂರಿನಲ್ಲಿ ಭಾರ ಎಂದರೆ ಅಕ್ಕಿ ಮೂಟೆಯೇ. ನಮ್ಮ ಅಂಗಡಿಯಿಂದಲೇ ಹೋದವು. ಅವತ್ತು ಇವರು ಮನೆಗೆ ಬಂದಾಗ ಮಗನ ಮದುವೆ ಮುಗಿಸಿ ಬಂದವರ ಮುಖ ಮಾಡಿಕೊಂಡಿದ್ದರು.

"ಸುತ್ತೆಲ್ಲಾ ತಿರುಗಿ ಬಂದ್ವು, ಒಂದು ಕಾಳು ಚೆಲ್ಲಿಲ್ಲ. ವಿರೂಪಾಕ್ಷಪ್ಪಾರು ಮೊದಲನೇ ದಿನಾನೇ ಬರ್ರಿ, ಮನಿಮಂದಿ ಎಲ್ಲಾ ಬರ್ರಿ ಅಂದಾರ," ಎಂದರು.

ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ ಅತ್ತೆ, ಕೈ ನಿಲ್ಲಿಸದೆಯೇ ಹೇಳಿದರು. "ಈ ಸಲ ನಾನೂ ಕುಂದ್ರತೀನಿ."

ನಮ್ಮ ಅತ್ತೆ ವೀರಭದ್ರಮ್ಮನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ನಮ್ಮ ಮನೆಯ ಚೀಲ ಹಿಡಿಯುವವರು. ಮುದಗಲ್ಲಿನ ಕೋಟೆಗೆ ಹೋದಾಗ ನಾವೆಲ್ಲ ಹತ್ತಿದೆವು, ಅವರು ಕೆಳಗೆ ಚೀಲದ ಪಕ್ಕ ಕೂತರು. ಮಸ್ಕಿಯಲ್ಲಿ ಅಶೋಕನ ಶಾಸನದ ಬಂಡೆ ನೋಡಲು ಗುಡ್ಡ ಹತ್ತಿದಾಗಲೂ ಬೇವಿನ ನೆರಳಲ್ಲಿ ಚೀಲದ ಜೊತೆ ಉಳಿದರು. ಲಿಂಗಸುಗೂರಿನ ಎಕ್ಸಿಬಿಷನ್ನಿನಲ್ಲಿ ದೊಡ್ಡ ತೊಟ್ಟಿಲಿನಲ್ಲಿ ಕೂತು ನಾವು ಕಿರುಚಾಡುವಾಗ ಕೆಳಗೆ ಎಲ್ಲರ ಚಪ್ಪಲಿ ಕಾಯುತ್ತ ನಿಂತಿದ್ದವರು ಅವರೇ. ಯಾರೂ ಅವರಿಗೆ ಹಾಗೆ ಮಾಡಿರೆಂದು ಹೇಳಿರಲಿಲ್ಲ. ಬೇಡವೆಂದೂ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇವರು ನಕ್ಕುಬಿಟ್ಟರು. "ನಿನಗ ಬಿ.ಪಿ. ಐತಿ, ಅವ್ವ."

"ಗುಳಿಗಿ ತಗೊಂಡು ಕುಂದ್ರತೀನಿ."

"ಅದು ಮ್ಯಾಲಿಂದ ಕೆಳಗ ಬರತೈತಿ. ಎದಿ ಝಲ್ ಅಂತೈತಿ."

"ಡಾಕ್ಟರ್ ಬ್ಯಾಡ ಅಂದ್ರ ಬಿಡ್ತೀನಿ. ನೀ ಬ್ಯಾಡ ಅಂದ್ರ ಬಿಡಂಗಿಲ್ಲ," ಎಂದರು ಅತ್ತೆ.

ಡಾಕ್ಟರು ಬೇಡ ಎನ್ನಲಿಲ್ಲ. ಮಕ್ಕಳು ಮುದುಕರಿಗೆಂದೇ ಮಾಡಿದ ಮೆತ್ತನೆಯ ಕೋಸ್ಟರು, ಗುಳಿಗೆ ತಪ್ಪಿಸದಿದ್ದರೆ ಸಾಕು ಎಂದರಂತೆ. ಅಲ್ಲಿಂದ ಅತ್ತೆಯ ತಯಾರಿ ಶುರುವಾಯಿತು. ಪಕ್ಕದ ಮನೆಯ ಮಾಸುಂಬಿ ಅವರ ಹಳೆಯ ಗೆಳತಿ. ಆಕೆ ಮೀನು ತರಲು ಬಂಗಾಳಿಗಳ ಆರ್.ಎಚ್. ಕ್ಯಾಂಪಿಗೆ ಟಂಟಂ ಆಟೋ ಹತ್ತಿ, ಗುಂಡಿ ಬಿದ್ದ ರಸ್ತೆಯಲ್ಲಿ ಹೋಗುತ್ತಾರೆ. ಮೀನಿನ ವಾಸನೆಗೇ ಸೆರಗು ಮೂಗಿಗೆ ಹಿಡಿಯುವ ನಮ್ಮ ಅತ್ತೆ ಒಂದು ದಿನ ತಾವೂ ಅದೇ ಟಂಟಂ ಹತ್ತಿದರು. ವಾಪಸು ಬಂದ ಮಾಸುಂಬಿ ನಮ್ಮ ಕಟ್ಟೆಯ ಮೇಲೆ ಕುಸಿದು ಕೂತರು.

"ನಿಮ್ಮತ್ತಿ ಡ್ರೈವರ್‌ಗೆ ಗುಂಡಿ ತಪ್ಪಸಬ್ಯಾಡ, ಜೋರ್ ಹೊಡಿ ಅಂತಾಳವ್ವ. ನನ್ನ ಸೊಂಟ ಹೋತು."

ಅತ್ತೆ ಸೆರಗಿನ ಧೂಳು ಕೊಡವಿಕೊಳ್ಳುತ್ತಿದ್ದರು. "ಆ ರಸ್ತ್ಯಾಗ ಕಣ್ಣು ಮುಚ್ಚಿ ಕುಂತು ಬಂದೀನಿ. ಆ ಹೋರಿ ನನಗೇನು ಮಾಡತೈತಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ರಾತ್ರಿಯ ಅಡುಗೆಗೆ ಕೂತಾಗ ನನ್ನ ನಗು ನಿಂತಿತು. ಅತ್ತೆ ಹೋರಿ ಹತ್ತಿದರೆ ಚೀಲ ಯಾರ ಕೈಗೆ ಬರುತ್ತದೆ? ಮನೆಯಲ್ಲಿ ಉಳಿದ ಇನ್ನೊಬ್ಬ ಹೆಂಗಸು ನಾನೇ. ಇದಕ್ಕೆ ಪಂಚಾಯಿತಿ ಸೇರಿಸಬೇಕಿರಲಿಲ್ಲ.

ನನಗೂ ಕೂರಬೇಕಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಪಾಮನಕಲ್ಲೂರಿನ ನಮ್ಮ ತವರಿನ ಹಿಂದೆ ದೊಡ್ಡ ಹುಣಸೆ ಮರವಿತ್ತು. ನಾಗರ ಪಂಚಮಿಗೆ ಅದರ ಕೊಂಬೆಗೆ ಜೋಕಾಲಿ ಕಟ್ಟುತ್ತಿದ್ದರು. ನನ್ನಷ್ಟು ಎತ್ತರ ಜೀಕುವವರು ಓಣಿಯಲ್ಲಿ ಯಾರೂ ಇರಲಿಲ್ಲ. ಮದುವೆಯಾದ ಮೇಲೆ ಜೋಕಾಲಿಯ ನೆನಪೂ ಹೋಗಿತ್ತು ಅಂದುಕೊಂಡಿದ್ದೆ. ಹೋರಿಯ ಹಳಿ ನೋಡಿದಾಗ ಅಂಗಾಲಿನಲ್ಲಿ ಅದೇ ಹಳೆಯ ಕಚಗುಳಿ ಎದ್ದಿತು. ಅತ್ತೆಗೆ ಹೇಗೆ ಬೇಡವೆನ್ನಲಿ? ಇಷ್ಟು ವರ್ಷ ಹಿಡಿದವರಿಗೆ ಈ ಸಲವೂ ನೀವೇ ಹಿಡಿಯಿರಿ ಅನ್ನುವಷ್ಟು ಕೆಟ್ಟವಳಲ್ಲ ನಾನು. ನಗುನಗುತ್ತ ಚೀಲ ಇಸಿದುಕೊಳ್ಳುವಷ್ಟು ಒಳ್ಳೆಯವಳೂ ಅಲ್ಲ.

ಹಾಗಾಗಿ ಚೀಲವನ್ನೇ ಇಲ್ಲವಾಗಿಸಲು ನೋಡಿದೆ. "ಈ ಸಲ ಏನೂ ಒಯ್ಯೋದು ಬ್ಯಾಡ್ರೀ. ಅಲ್ಲೇ ಏನಾರ ತಿಂದ್ರಾತು," ಎಂದೆ ಇವರಿಗೆ.

"ಅಲ್ಲಿ ಏನ್ ಸಿಗತೈತಿ? ಸಂಕ್ರಾಂತಿ ಸಜ್ಜಿ ರೊಟ್ಟಿ ಇನ್ನೂ ಅದಾವಲ್ಲ, ಎಣಗಾಯಿ ಮಾಡು," ಎಂದರು ಕರಿಬಸಪ್ಪನವರು. ಸಜ್ಜೆ ರೊಟ್ಟಿಯಂಥ ವೈರಿ ಇನ್ನೊಂದಿಲ್ಲ. ಎಳ್ಳು ಹಚ್ಚಿ ಕಟಕಟಿ ಒಣಗಿಸಿದ್ದು, ಎಲ್ಲೆಂದರಲ್ಲಿ ಇಟ್ಟರೆ ಪುಡಿಪುಡಿ. ಅದನ್ನು ಯಾರಾದರೂ ಕೂಸಿನ ಹಾಗೆ ಹಿಡಿದುಕೊಂಡೇ ಇರಬೇಕು. ಚೀಲ ತುಂಬುವಾಗ ನನಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದೇನೆಂದು ಅತ್ತೆ ತಿಳಿದುಕೊಳ್ಳಲಿ ಎಂದು ಈರುಳ್ಳಿಯನ್ನೂ ಹೆಚ್ಚಿದೆ.

ಹೊರಟ ದಿನ ಪಾರ್ಕಿನ ಮುಂದೆ ಜನ ಇರುವೆಯಂತೆ ಸೇರಿದ್ದರು. ಹೊಸ ಗಾಡಿಯ ಗಾಲಿ ಕೆಳಗೆ ಇಡುವಂತೆ ಹೋರಿಯ ಗಾಲಿಗೂ ನಿಂಬೆಹಣ್ಣು ಇಡಬೇಕೆಂದು ವಿರೂಪಾಕ್ಷಪ್ಪನವರಿಗೆ ಆಸೆ. ಯಂತ್ರ ನಡೆಸುವ ಜಬೀವುಲ್ಲಾ ಹಳಿಯ ಮೇಲೆ ಏನನ್ನೂ ಇಡಕೂಡದೆಂದು ಪಟ್ಟು ಹಿಡಿದರು. ಕೊನೆಗೆ ನಿಂಬೆಹಣ್ಣುಗಳನ್ನು ಹೋರಿಯ ಕೋಡಿಗೆ ಕಟ್ಟಿ ಇಬ್ಬರೂ ಸಮಾಧಾನಪಟ್ಟರು. ಕಾಯಿ ಒಡೆದರು, ಹೋರಿ ಹೊರಟಿತು, ಮೊದಲ ಸುತ್ತಿನವರು ಕೂಗುತ್ತ ಹೋಗಿ ನಗುತ್ತ ಬಂದರು. ನಮ್ಮ ಸಾಲು ಮುಂದೆ ಸರಿಯಿತು. ಅತ್ತೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ನಾಟಿಗೆ ಇಳಿಯುವವರ ಹಾಗೆ ತಯಾರಾಗಿ ನಿಂತಿದ್ದರು.

ಮೆಟ್ಟಿಲ ಬಳಿ ಜಬೀವುಲ್ಲಾ ತಡೆದರು. "ಚೀಲ ಒಳಗ ತರಂಗಿಲ್ರೀ. ಸಾಮಾನು ಇಡೋ ಪೆಟ್ಟಿಗಿ ಇನ್ನೂ ಬಂದಿಲ್ಲ. ಯಾರರ ಒಬ್ರು ಹಿಡ್ಕೊಂಡು ಹೊರಗ ನಿಂದರ್ರಿ."

ಇವರು ಕನ್ನಡಕ ತೆಗೆದು, ಫೋನು ತೆಗೆದು, ಎರಡನ್ನೂ ಚೀಲಕ್ಕೆ ಹಾಕಿ, ಕಣ್ಣು ಹೋರಿಯ ಮೇಲೆಯೇ ಇಟ್ಟುಕೊಂಡು ಚೀಲವನ್ನು ಅವ್ವನ ಕೈಗೆ ಕೊಟ್ಟರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಷ್ಟು ವರ್ಷ ಕೈ ಆ ಕಡೆಗೇ ಹೋಗಿದೆ, ಈಗಲೂ ಹೋಯಿತು. ಅತ್ತೆಯ ಕೈಯೂ ತಾನಾಗಿಯೇ ಚಾಚಿ ತೆಗೆದುಕೊಂಡಿತು. ತೆಗೆದುಕೊಂಡ ಮೇಲೆ ಅವರು ಚೀಲವನ್ನು ನೋಡಿದರು. ಅವರ ಮುಖ ಸಣ್ಣದಾಯಿತು.

ಅತ್ತೆ ನನ್ನ ಕಡೆ ತಿರುಗಿ ಚೀಲ ಮುಂದೆ ಮಾಡಿದರು. ಇರಲಿ, ಅವರಾದರೂ ಕೂರಲಿ ಎಂದು ನಾನು ಕೈ ಚಾಚಿದೆ. ಅತ್ತೆ ಚೀಲ ಬಿಡಲಿಲ್ಲ.

"ನಿನ್ನ ಕೈ ಯಾಕ ಮುಂದ ಬಂತು?" ಎಂದರು.

"ನೀವು ಕೊಟ್ಟ್ರಲ್ರೀ, ಅತ್ತಿ."

"ನಿನಗೆಲ್ಲಿ ಕೊಟ್ಟೀನಿ? ನಿನ್ನ ಹಿಂದ ನಿಂತಾನಲ್ಲ, ಅವಗ ಕೊಡಾಕತ್ತೀನಿ."

ಕರಿಬಸಪ್ಪನವರು ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು. ಇರಲಿಲ್ಲ. "ನಾನಾ? ಅವ್ವ, ಕಂಬ ನೆಟ್ಟ ದಿನದಿಂದ ನಾ ಇದನ್ನ ನೋಡಾಕತ್ತೀನಿ."

"ನಿನ್ನ ಅಕ್ಕಿ ಆಗಲೇ ಕುಂತು ಬಂದೈತಿ. ಈ ಸುತ್ತು ನಮ್ದು. ರೊಟ್ಟಿ ಮುರೀದಂಗ ಹಿಡಿ," ಎಂದು ಅತ್ತೆ ಚೀಲವನ್ನು ಮಗನ ಎದೆಗೆ ಒತ್ತಿದರು.

ಶಿವರಂಜನಿ ಮುಂದಿನ ಸೀಟಿಗೆ ಓಡಿದಳು. ಅವಳ ಹಿಂದೆ ನಾನು, ಅತ್ತೆ. ಕಬ್ಬಿಣದ ಸರಳು ತೊಡೆಯ ಮೇಲೆ ಬಂದು ಕೂತಿತು. ಹೋರಿ ಟಕಟಕ ಎನ್ನುತ್ತ ಮೆಲ್ಲಗೆ ಏರತೊಡಗಿತು. ಕಾಲುವೆ ಕಂಡಿತು, ಹೊಸ ನಾಟಿಯ ಹಸಿರು ಕಂಡಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಅಂಗೈ ತಣ್ಣಗಿತ್ತು.

"ಅಂಜಿಕಿ ಬರಾಕತ್ತೈತೇನ್ರೀ?" ಎಂದೆ.

"ಬರಾಕತ್ತೈತಿ," ಎಂದರು. ಆಮೇಲೆ ಮುಂದೆಯೇ ನೋಡುತ್ತ ಹೇಳಿದರು. "ವಿಜಿ, ನಿನ್ನ ನೋಡಾಕ ಪಾಮನಕಲ್ಲೂರಿಗೆ ಬಂದಿದ್ವಲ್ಲ, ಪಂಚಮಿ ಮರುದಿನ. ನಿಮ್ಮ ಮನಿಗೆ ಬರೂದಕ್ಕಿಂತ ಮೊದಲ ನಾ ನಿನ್ನ ನೋಡಿದ್ದೆ. ರಸ್ತ್ಯಾಗ ನಿಂತು."

"ಎಲ್ಲಿ ನೋಡಿದ್ರಿ?"

"ಹುಣಸಿ ಮರದ ಜೋಕಾಲಿ ಮ್ಯಾಲ. ಅಷ್ಟು ಎತ್ತರಕ್ಕ ಹೋಗಿದ್ದಿ. ಈ ಹುಡುಗೀನ ಬೇಕು ಅಂತ ಅಲ್ಲೇ ಅಂದೆ." ಹೋರಿ ತುದಿ ತಲುಪಿ ಒಂದು ಗಳಿಗೆ ನಿಂತಿತು. "ನಮ್ಮ ಮನಿಗೆ ಬಂದ ಮ್ಯಾಲ ನೀ ಹಂಗ ನಕ್ಕಿದ್ದು ನಾ ನೋಡಲೇ ಇಲ್ಲ."

ನಾನು ಅವರ ಕಡೆ ತಿರುಗಿದೆ. ಅಷ್ಟರಲ್ಲಿ ಹೋರಿ ಧುಮುಕಿತು. ಕಣ್ಣಲ್ಲಿ ನೀರು ಬಂತು, ಮುಂದೆ ಶಿವರಂಜನಿ ಕಿರುಚಿದಳು, ಪಕ್ಕದಲ್ಲಿ ಅತ್ತೆ ಶಿವಶಿವಾ ಎಂದು ಕೂಗುತ್ತಲೇ ನಗುತ್ತಿದ್ದರು. ನಾನು ನಕ್ಕ ಸದ್ದು ನನಗೇ ಕೇಳಿಸಿತು. ಹುಣಸೆ ಮರದ ಕೆಳಗೆ ಕೇಳುತ್ತಿದ್ದ ಸದ್ದೇ ಅದು.

ಇಳಿದು ಬಂದಾಗ ಕರಿಬಸಪ್ಪನವರು ಕಟಾಂಜನಕ್ಕೆ ಒರಗಿ, ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತಿದ್ದರು. ಫೋನು ಚೀಲದ ತಳದಲ್ಲಿ ಸಿಕ್ಕಿದ್ದರಿಂದ ಒಂದು ಫೋಟೋ ಕೂಡ ತೆಗೆದಿರಲಿಲ್ಲ.

"ನೀವು ಯಾವ ಡಬ್ಬಿಯಾಗ ಅದೀರಿ ಅಂತ ಸೈತ ಗೊತ್ತಾಗಲಿಲ್ಲ. ನಗೋದಷ್ಟ ಕೇಳತಿತ್ತು," ಎಂದು ಚೀಲವನ್ನು ಒಮ್ಮೆ ಈ ಕೈಗೆ, ಒಮ್ಮೆ ಆ ಕೈಗೆ ಬದಲಿಸಿದರು. ದಿನವಿಡೀ ಅಕ್ಕಿ ಮೂಟೆ ಎತ್ತಿಳಿಸುವ ಮನುಷ್ಯ. "ಅವ್ವ, ಇದು ಯಾವಾಗಲೂ ಇಷ್ಟು ಭಾರ ಇರತಿತ್ತೇನು?"

"ಇರತಿತ್ತು," ಎಂದರು ಅತ್ತೆ.

ಅವರು ಮಗನ ಕೈಯಿಂದ ಚೀಲ ತೆಗೆದುಕೊಂಡು, ಬಿಚ್ಚಿ, ಮುರಿಯದ ಒಂದು ರೊಟ್ಟಿ ತೆಗೆದು ಅವರಿಗೆ ಕೊಟ್ಟರು. ಆಮೇಲೆ ಚೀಲವನ್ನು ತಿರುಗಿ ಅವರ ಹೆಗಲಿಗೇ ಹಾಕಿ, ನನ್ನ ಕೈ ಹಿಡಿದುಕೊಂಡು ಮತ್ತೆ ಸಾಲಿನ ಕಡೆ ನಡೆದರು.