ಕಮಲವ್ವ ಸೋಸಿದ ನೀರು

ಬಾವಿಯ ನೀರು ಕುಡಿದು ಊರಿಗೆ ಊರೇ ಹಾಸಿಗೆ ಹಿಡಿದ ಆ ಕಾಲರಾ ವರ್ಷ ನಿಮ್ಮಲ್ಲಿ ಯಾರಿಗೆ ನೆನಪಿಲ್ಲ? ಅದೇ ವರ್ಷ ನಾನು, ಗೋಕಾಕ ದವಾಖಾನೆಯ ನರ್ಸ್ ಶಂಕ್ರವ್ವ, ತುಕ್ಕಾನಟ್ಟಿಯ ಚಾವಡಿಯಲ್ಲಿ ನಿಂತು ದೊಡ್ಡ ಭಾಷಣ ಮಾಡಿದೆ.

“ನೀರಾಗ ಒಂದ ಹುಳ ಉಳದ್ರೂ ಮನಿ ಹಾಳಾಕ್ಕೈತಿ. ಕಮಲವ್ವನ್ನ ನೋಡಿ ಕಲೀರಿ.”

ಕಮಲವ್ವ ಜೈನರ ಮನೆಯ ಸೊಸೆ. ಅವರಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಜೀವಗಳು ಸಾಯಬಾರದೆಂದು ಅದನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಜಾಲಾಡಿ ಬಿಡುತ್ತಾರೆ. ಒಳ್ಳೆಯ ನಿಯಮ. ಆದರೆ ಉಳಿದವರು ಒಂದು ಸಲ ಸೋಸಿದರೆ ಈಕೆ ಐದು ಸಲ ಸೋಸುತ್ತಿದ್ದಳು. ನಾನು ಊರವರಿಂದ ಆಕೆಗೆ ಚಪ್ಪಾಳೆ ಹೊಡೆಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಬೇಕು.

ಮರುವರ್ಷ ಬೇಸಿಗೆಯಲ್ಲಿ ಸಿಡುಬಿನ ಲಸಿಕೆ ಹಾಕಲು ಅದೇ ಊರಿಗೆ ಹೋಗಿದ್ದೆ. ಕಮಲವ್ವನ ಗಂಡ ತವನಪ್ಪ ಬಿಸಿಲಲ್ಲಿ ಓಡುತ್ತ ಬಂದ.

“ನರ್ಸಬಾಯಾರ, ಲಗೂ ಬರ್ರಿ. ಮಗಳು ಸುಮತಿಗೆ ಮುಂಜಾನಿಂದ ವಾಂತಿ ಭೇದಿ. ಹನಿ ನೀರ ಹೊಟ್ಟ್ಯಾಗ ಹೋಗಿಲ್ಲ.”

“ಯಾಕ? ಮನ್ಯಾಗ ನೀರಿಲ್ಲೇನ?”

“ಕೊಡಪಾನ ತುಂಬ ಐತ್ರಿ. ಆಕಿ ಕೊಡಾಕ ಬಿಡವಲ್ಲಳ್ರಿ.”

ಅಂಗಳದಲ್ಲಿ ಎಂಟು ಪಾತ್ರೆಗಳು ಸಾಲಾಗಿದ್ದವು. ಸೋಸಿ, ಕಾಸಿ, ಆರಿಸಿದ ನೀರನ್ನೇ ಕಮಲವ್ವ ಒಂದರಿಂದ ಇನ್ನೊಂದಕ್ಕೆ ಮತ್ತೆ ಸೋಸುತ್ತಿದ್ದಳು. ಅಂಗೈ ಸೀಳಿ ರಕ್ತ ಬಂದಿತ್ತು. ಅತ್ತೆ ಜಿನ್ನವ್ವನ ತೊಡೆಯ ಮೇಲೆ ಎರಡು ವರ್ಷದ ಸುಮತಿ ಮಲಗಿದ್ದಳು. ಕಣ್ಣು ಗುಳಿ ಬಿದ್ದಿದ್ದವು. ಅಳುತ್ತಿತ್ತು ಕೂಸು, ಕಣ್ಣೀರು ಬರುತ್ತಿರಲಿಲ್ಲ. ಹೊಟ್ಟೆಯ ಚರ್ಮ ಹಿಡಿದು ಬಿಟ್ಟೆ. ಅದು ಹಾಗೇ ನಿಂತಿತು. ಮೈಯ ನೀರು ಬತ್ತಿದ ಗುರುತು ಅದು.

“ನೀವಾದ್ರೂ ಕುಡಸಬಾರದೇನ್ರಿ?” ಎಂದು ತವನಪ್ಪನನ್ನು ಕೇಳಿದೆ.

“ಹೋದ ತಿಂಗಳ ಆಕಿ ಸೋಸೂದ ಮುಗಿಯೂದ್ರಾಗ ಕುಡಿಸಿದ್ದೆ. ಕೂಸಿನ ಗಂಟಲಾಗ ಬೆರಳ ಹಾಕಿ ವಾಂತಿ ಮಾಡಿಸಿದ್ಳು. ಆಮ್ಯಾಲ ಕಂಬಕ್ಕ ತಲಿ ಜಜ್ಜಿಕೊಂಡ್ಳು.”

ಜಿನ್ನವ್ವ ಸಿಟ್ಟಾದರು. “ಆಕಿ ಸ್ವಭಾವನ ಹಂಗೈತ್ರಿ. ಜೀವದಯಾ ಬಾಳ. ಧರ್ಮ ಹೆಚ್ಚಾದ್ರ ಅದಕ್ಕ ರೋಗ ಅಂತಾರೇನು?”

ಕೂಸನ್ನು ಕಸಿದುಕೊಂಡು ನಾನೇ ಕುಡಿಸಬಹುದಿತ್ತು. ಆದರೆ ಈ ಕೂಸಿಗೆ ಗಳಿಗೆಗೊಮ್ಮೆ ಚಮಚ ನೀರು ಬೇಕು, ಇವತ್ತೂ ನಾಳೆಯೂ. ನಾನು ಅತ್ತ ಹೋದ ಮೇಲೆ ಇಲ್ಲಿ ಉಳಿಯುವವಳು ತಾಯಿ. ಅವಳ ಕೈಯಿಂದಲೇ ನೀರು ಹೋಗಬೇಕಿತ್ತು. ಕಮಲವ್ವನ ಬಾಜೂ ಕುಕ್ಕರುಗಾಲಲ್ಲಿ ಕೂತೆ.

“ತಂಗಿ, ಎಷ್ಟ ಸಲ ಸೋಸಿದಿ?”

“ಇಪ್ಪತ್ತೊಂದ ಆಗಬೇಕ್ರಿ. ನಡುವ ಕೂಸ ಅತ್ತು, ಲೆಕ್ಕ ತಪ್ಪಿತು. ಮತ್ತ ಮೊದಲಿಂದ ಹಚ್ಚೇನಿ.”

“ನೀರಾಗ ಹುಳ ಕಾಣತಾವೇನು?”

“ಇಲ್ರಿ. ಇಲ್ಲಂತ ನನಗೂ ಗೊತ್ತೈತಿ. ಗೊತ್ತಿದ್ರೂ ಎದಿ ಕೇಳವಲ್ದು. ಇದ್ದಿದ್ರ? ನನ್ನ ಕೈಲೆ ನನ್ನ ಕೂಸ ಸತ್ರ?”

ನಾನು ಜಿನ್ನವ್ವನ ಕಡೆ ತಿರುಗಿದೆ. “ಅವ್ವಾರ, ನೀವು ಎಷ್ಟ ಸಲ ಸೋಸ್ತೀರಿ?”

“ಒಮ್ಮಿ.”

“ಸೋಸಿದ ಮ್ಯಾಲ ನಿಮ್ಮ ಮನಸ್ಸಿಗೆ ಹೆಂಗ ಅನಸ್ತೈತಿ?”

“ಹಗುರ ಅನಸ್ತೈತಿ.”

“ಈಕಿ ಮಾರಿ ನೋಡ್ರಿ. ಹಗುರ ಐತೇನು?”

ಮುದುಕಿ ಸೊಸೆಯ ಮುಖ ನೋಡಿದರು, ಆಮೇಲೆ ಕೈ ನೋಡಿದರು. ಆ ಮನೆಯಲ್ಲಿ ಇಷ್ಟು ದಿನ ಎಲ್ಲರೂ ನೀರನ್ನೇ ನೋಡಿದ್ದರು. “ಯವ್ವಾ, ಇದೇನ ಮಾಡಿಕೊಂಡೀ ಮಗಳ,” ಎಂದರು.

ಕಮಲವ್ವ ನನ್ನ ಸೆರಗು ಹಿಡಿದಳು. “ನೀವ ಹೇಳಿದ್ರಲ್ಲರಿ, ಒಂದ ಹುಳ ಉಳದ್ರೂ ಅಂತ. ಇದರಾಗ ಏನೂ ಇಲ್ಲಂತ ನೀವ ಆಣಿ ಮಾಡ್ರಿ. ಕುಡಸ್ತೀನಿ.”

ಆಣೆ ನಾಲಿಗೆಯ ತುದಿಗೆ ಬಂತು. ತಡೆದುಕೊಂಡೆ. ಇಂಥದೇ ರೋಗದ ಒಬ್ಬ ಮಾಸ್ತರರಿಗೆ ನಮ್ಮ ಡಾಕ್ಟರು ಉಪಚಾರ ಮಾಡಿದ್ದನ್ನು ಕಂಡಿದ್ದೆ. ಇಂದು ಆಣೆ ಕೊಟ್ಟರೆ ಈ ರೋಗ ನಾಳೆ ಹತ್ತು ಆಣೆ ಕೇಳುತ್ತದೆ.

“ನಾ ಹೇಳಿದ್ದ ತಪ್ಪಾತು ತಂಗಿ. ಆಣಿ ಮಾತ್ರ ಮಾಡೂದಿಲ್ಲ. ನಿನಗ ಅಂಜಿಕಿ ಐತಲ್ಲ, ಇರ್ಲಿ. ಅಂಜಿಕೋತನ ಕುಡಸು. ಅಂಜಿಕಿ ಏರತೈತಿ, ತಡಿ, ತಾನ ಇಳೀತೈತಿ. ನಾವೆಲ್ಲ ಇಲ್ಲೇ ಕುಂಡ್ರತೀವಿ.”

ಅದೇ ನೀರು ಒಂದು ಲೋಟ ತೆಗೆದು ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ ಹಾಕಿ ಚಮಚ ಕೊಟ್ಟೆ. ಆಕೆ ಹಿಡಿದಳು, ಕೆಳಗಿಟ್ಟಳು, ಮತ್ತೆ ಹಿಡಿದಳು. ಸುಮತಿಯ ಅಳು ನಿಂತುಹೋಗಿತ್ತು. ಅಳು ನಿಂತದ್ದು ಒಳ್ಳೆಯದಲ್ಲವೆಂದು ನನಗೆ ಗೊತ್ತಿತ್ತು, ತಾಯಿಗೂ ಗೊತ್ತಾಯಿತು. ಚಮಚದ ನೀರು ಅರ್ಧ ಚೆಲ್ಲಿ ಅರ್ಧ ಕೂಸಿನ ಬಾಯಿಗೆ ಹೋಯಿತು.

ಕೂಡಲೇ ಆಕೆಯ ಬೆರಳು ಕೂಸಿನ ಬಾಯಿಯ ಕಡೆ ಹೋಯಿತು. ಜಿನ್ನವ್ವ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬೈಯಲಿಲ್ಲ, ಸುಮ್ಮನೆ ಹಿಡಿದು ಕೂತರು. ಕಮಲವ್ವ ಬೆವೆತಳು, ಏದುಸಿರು ಬಿಟ್ಟಳು, ತವನಪ್ಪ ಗೋಡೆಗೆ ಮುಖ ಮಾಡಿ ನಿಂತ. ಹತ್ತು ನಿಮಿಷ ಆಯಿತೋ, ಇಪ್ಪತ್ತೋ. ಆಮೇಲೆ ಆಕೆಯೇ, “ಇನ್ನೊಂದ ಚಮಚೆ ಕೊಡ್ರಿ,” ಎಂದಳು.

ಸಂಜೆಗೆ ಸುಮತಿ ಉಚ್ಚೆ ಹೊಯ್ದಳು. ಮೈಗೆ ನೀರು ಹತ್ತಿತ್ತು, ಮನೆಯವರು ಅದಕ್ಕೇ ಅತ್ತರು. ಮರುದಿನ ಬಂಡಿ ಕಟ್ಟಿಕೊಂಡು ತಾಯಿ ಮಗಳಿಬ್ಬರನ್ನೂ ಗೋಕಾಕಕ್ಕೆ, ನಮ್ಮ ಡಾಕ್ಟರ ಹತ್ತಿರ ಕರೆತಂದರು. ಕೂಸು ನಾಲ್ಕು ದಿನದಲ್ಲಿ ಎದ್ದಿತು. ತಾಯಿಗೆ ಎಂಟು ತಿಂಗಳು ಹಿಡಿಯಿತು. ಇಪ್ಪತ್ತೊಂದು ಹತ್ತಾಯಿತು, ಹತ್ತು ಮೂರಾಯಿತು, ನಡುವೆ ಒಮ್ಮೆ ಮತ್ತೆ ಹದಿನೈದಕ್ಕೆ ಹೋಯಿತು. ಮನೆಯವರು ಹೊಗಳಲಿಲ್ಲ, ಹಂಗಿಸಲಿಲ್ಲ, ಜೊತೆಗೆ ಕೂತರು. ಈಗ ಒಮ್ಮೆ ಸೋಸುತ್ತಾಳೆ.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿಯೂ ಯಾರಾದರೂ ಕೈ ತೊಳೆದದ್ದನ್ನೇ ತೊಳೆಯುತ್ತಿರಬಹುದು, ಹಾಕಿದ ಬಾಗಿಲಿನ ಅಗಳಿಯನ್ನೇ ಹತ್ತು ಸಲ ನೋಡಿ ಬರುತ್ತಿರಬಹುದು. ಬೇಡವೆಂದರೂ ಬಿಡಲಾಗದೆ ಒಳಗೇ ಸುಡುತ್ತಿರಬಹುದು. ಅದು ಸ್ವಭಾವವಲ್ಲ, ಸೊಕ್ಕಲ್ಲ, ಗಾಳಿ ಸೋಕಿದ್ದೂ ಅಲ್ಲ. ಜ್ವರದ ಹಾಗೆ ಅದೂ ಒಂದು ರೋಗ, ಮನಸ್ಸಿನದು. ಅದಕ್ಕೆ ಉಪಚಾರ ಇದೆ. ದವಾಖಾನೆಗೆ ಬನ್ನಿ. ನಾಚಿಕೆ ಆದರೆ ಹಿಂಬಾಗಿಲಿಂದ ಬನ್ನಿ, ನಾನು ಯಾರಿಗೂ ಹೇಳುವುದಿಲ್ಲ.

ಕಮಲವ್ವ ಒಂದು ವರ್ಷ ತನ್ನ ಅಂಜಿಕೆಯನ್ನು ಹೇಳದೆ ಸುಮ್ಮನಿದ್ದಳು, ಊರು ಅವಳನ್ನು ಒಂದು ವರ್ಷ ಹೊಗಳಿತು. ಆ ದಿನ ಇನ್ನೊಂದು ತಾಸು ತಡವಾಗಿದ್ದರೆ ನಾನು ನಿಮಗೆ ಈ ಕಥೆಯನ್ನು ಬೇರೆ ಥರ ಹೇಳಬೇಕಾಗುತ್ತಿತ್ತು. ನೀವು ಅಷ್ಟು ಕಾಯಬೇಡಿ.