ಮಲಗಿಸಿದ ಬಾಟಲಿ

"ನಿನ್ನ ಉಚ್ಚೆಗೋಸ್ಕರ ಕಂಪನಿ ನಿಲ್ಲಿಸ್ಬೇಕೇನೇ, ಮುದಿಗೊಡ್ಡು?"

ಸೂಪರ್‌ವೈಸರನ ಕೂಗು ಬಾಟಲಿಗಳ ಗಲಗಲ ಸದ್ದನ್ನೂ ಮೀರಿ ಕೇಳಿಸಿತು. ನಮ್ಮ ಸಾಲಿಗೆಲ್ಲ ಹಿರಿಯಳಾದ ದೊಡ್ಡಕ್ಕ ತಲೆ ಎತ್ತದೆ ಮುಚ್ಚಳ ತಿರುಗಿಸುತ್ತಲೇ ಇದ್ದಳು.

ನಮ್ಮದು ಫಿನಾಯಿಲ್ ಕಾರ್ಖಾನೆ. ಬೆಲ್ಟು ಬಾಟಲಿಗಳನ್ನು ಹೊತ್ತು ತರುತ್ತದೆ, ನಾವು ಹೆಂಗಸರು ಸಾಲಾಗಿ ನಿಂತು ಮುಚ್ಚಳ ಬಿಗಿಯುತ್ತೇವೆ. ಬೆಲ್ಟು ಓಡುವಾಗ ಯಾರೂ ಜಾಗ ಬಿಡುವಂತಿಲ್ಲ. ಮುಂಚೆ ಯಾರಿಗಾದರೂ ಅವಸರವಾದರೆ ಪಕ್ಕದವಳು ಮೆಲ್ಲಗೆ ಒಂದು ಬಾಟಲಿಯನ್ನು ಅಡ್ಡ ಮಲಗಿಸುತ್ತಿದ್ದಳು. ಬೆಲ್ಟು ಸಿಕ್ಕಿಕೊಂಡು ನಿಲ್ಲುತ್ತಿತ್ತು. ಮೆಕ್ಯಾನಿಕ್ಕಿಗೂ ಇದು ಗೊತ್ತಿತ್ತು. ಹೋದವಳು ವಾಪಸು ಬರುವ ತನಕ ಪುಣ್ಯಾತ್ಮ ಸ್ಪ್ಯಾನರ್ ಹುಡುಕುತ್ತಿದ್ದ.

ಈಗ ಬೆಲ್ಟಿನುದ್ದಕ್ಕೂ ಸೆನ್ಸರ್ ಕೂರಿಸಿ, ತಂತಿ ಎಳೆದು, ಮೇಲಿನ ಆಫೀಸಿನ ಕಂಪ್ಯೂಟರಿಗೆ ಸೇರಿಸಿದ್ದಾರೆ. ಬೆಲ್ಟು ಓಡುತ್ತಿದ್ದರೆ ಗೋಡೆಯ ಪರದೆ ಹಸಿರು. ಬಾಟಲಿ ಬಿದ್ದು ಬೆಲ್ಟು ನಿಂತರೆ, ಅದು ಯಾರ ಮುಂದೆ ಬಿತ್ತೋ ಅವಳ ಜಾಗ ಕೆಂಪು. ಯಾಕೆ ಬಿತ್ತು ಅನ್ನುವುದು ಅದಕ್ಕೆ ಬೇಕಿಲ್ಲ.

"ನಿನ್ನೆ ಥರ ಇನ್ನೊಂದ್ಸಲ ನಿನ್ ಜಾಗ ಕೆಂಪಾದ್ರೆ ಗೇಟಿಂದಾಚೆ!" ಅಂದು ಅವನು ಹೋದ.

ದೊಡ್ಡಕ್ಕನಿಗೆ ಸಕ್ಕರೆ ಕಾಯಿಲೆ, ತಡೆದುಕೊಳ್ಳಲು ಆಗುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಕೆಲಸ ಹೋದರೆ ಇಬ್ಬರ ಬಾಯಿಗೂ ಮಣ್ಣು.

ಊಟದ ಬಿಡುವು ಇನ್ನೂ ದೂರವಿರುವಾಗ ಕಾರ್ಖಾನೆಯ ಸಾಹುಕಾರ ಬೆಲ್ಟು ತೋರಿಸಲು ತನ್ನ ನೆಂಟರನ್ನು ಕರೆತಂದ. "ಬೆಳಗ್ಗಿಂದ ಒಂದು ಸೆಕೆಂಡೂ ನಿಂತಿಲ್ಲ ಸಾರ್," ಎಂದು ಸೂಪರ್‌ವೈಸರ್ ಪರದೆ ತೋರಿಸಿ ಹಲ್ಲು ಕಿರಿದ. ಪಕ್ಕದಲ್ಲಿ ದೊಡ್ಡಕ್ಕ ತೊಡೆ ಬಿಗಿಹಿಡಿದು ನಿಂತಿದ್ದಳು. ನಾನು ಬಾಟಲಿಗೆ ಕೈ ಹಾಕಿದೆ.

"ಅಕ್ಕಾ, ಮಲಗಿಸ್ತೀನಿ. ನನ್ ಜಾಗ್ದಲ್ಲೇ ಬೀಳ್ಲಿ."

"ಬ್ಯಾಡ ಕಣೇ. ನಿನ್ ಹೊಟ್ಟೆ ಮೇಲೆ ನೀನೇ ಹೊಡ್ಕೋಬ್ಯಾಡ."

ಅವಳು ತಲೆ ಎತ್ತಿ ಸೂಪರ್‌ವೈಸರನನ್ನೇ ದಿಟ್ಟಿಸಿದಳು. ಕೈ ಮುಚ್ಚಳ ತಿರುಗಿಸುತ್ತಿದ್ದಂತೆಯೇ ಸೀರೆ ತೊಯ್ದು ಉಚ್ಚೆ ನೆಲಕ್ಕಿಳಿಯಿತು. ನೀರು ಹರಿದು ನೆಂಟರ ಬೂಟಿನವರೆಗೂ ಹೋಯಿತು.

"ನೋಡ್ಕೊಳೋ ಬೋಳಿಮಗ್ನೆ! ನಿಲ್ಲಿಸಿಲ್ಲ ನಾನು!"

ನೆಂಟರು ಮೂಗಿಗೆ ಕರವಸ್ತ್ರ ಹಿಡಿದು ಹಿಂದೆ ಸರಿದರು. ಸೂಪರ್‌ವೈಸರ್ ಬಾಯಿ ತೆರೆದು ಪರದೆ ನೋಡಿದ. ಅದು ಹಸಿರಾಗಿಯೇ ಇತ್ತು. ನನಗೆ ಅಳು ಬಂತು. ಆದರೆ ನನ್ನ ಕೈಯೂ ನಿಲ್ಲಲಿಲ್ಲ.

ಸಾಹುಕಾರ ಮಾತ್ರ ಸಿಟ್ಟಾಗಲಿಲ್ಲ. ನೆಲವನ್ನೂ ಪರದೆಯನ್ನೂ ನೋಡಿ, ಏನೋ ಹೊಳೆದವನಂತೆ ತಲೆಯಾಡಿಸಿದ.

ಹಬ್ಬದ ರಜೆ ಕಳೆದು ನಾವು ಬಂದಾಗ, ಬೆಲ್ಟಿನ ಪಕ್ಕ ನಾವು ನಿಲ್ಲುವ ಜಾಗದುದ್ದಕ್ಕೂ ನೆಲ ಅಗೆದು ಮೋರಿ ಮಾಡಿದ್ದರು. ಮೇಲೆ ಕಬ್ಬಿಣದ ಜಾಲರಿ ಮುಚ್ಚಿತ್ತು. ದೊಡ್ಡಕ್ಕ ಅದರ ಮೇಲೆ ನಿಂತು ಮೊದಲ ಬಾಟಲಿ ಎತ್ತಿಕೊಂಡಳು.